ಏಳು ಪೌಂಡ್ ಲಾಭ, ಎರಡು ಲಕ್ಷ ಗಂಟೆ ನಷ್ಟ

ನನ್ನ ಮಂಚದ ಕೆಳಗೆ ನಾಲ್ಕು ರಟ್ಟಿನ ಪೆಟ್ಟಿಗೆಗಳಿವೆ. ಒಳಗಿರುವುದು ನನ್ನದೇ ಕಥೆಗಳು. ನಾಲ್ಕು ವರ್ಷದ ಹಿಂದೆ ಸ್ವಂತ ದುಡ್ಡು ಹಾಕಿ ಐನೂರು ಪ್ರತಿ ಮಾಡಿಸಿದ್ದೆ. ಮಾರಾಟವಾಗಿದ್ದು ನೂರೈವತ್ತರ ಹತ್ತಿರ. ಮದುವೆ, ಗೃಹಪ್ರವೇಶ, ನಾಮಕರಣ ಅಂತ ಹಂಚಿದ್ದು ಅದಕ್ಕಿಂತ ಜಾಸ್ತಿ. ಯಾರಾದರೂ "ಪ್ರಕಾಶಕರು ಯಾರು?" ಅಂತ ಕೇಳಿದರೆ "ನಾನೇ" ಅಂತ ಹೇಳುವಾಗ ದನಿ ತಾನಾಗಿ ಸ್ವಲ್ಪ ತಗ್ಗುತ್ತದೆ. ಕೇಳಿದವರ ಮುಖದಲ್ಲೂ ಒಂದು "ಓ..." ಕಾಣಿಸುತ್ತದೆ. ಸ್ವಂತ ಖರ್ಚಿನ ಲೇಖಕ ಅಂದರೆ ತನ್ನ ಮದುವೆಗೆ ತಾನೇ ವಾಲಗ ಊದಿಕೊಂಡವನ ಹಾಗೆ.

ಇದು ಸಾಲದು ಅಂತ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿಯೂ ನಾನೇ. ಸಂಬಳ ಇಲ್ಲ, ಬೈಗುಳ ಇದೆ. ಮೋಟಾರ್ ಕೆಟ್ಟರೆ ನನಗೆ ಫೋನ್, ನಾಯಿ ಕಚ್ಚಿದರೆ ನನಗೆ ಫೋನ್.

ಈ ಎರಡೂ ಕೆಲಸವನ್ನು ಐವತ್ತು ವರ್ಷಕ್ಕೂ ಮೀರಿ ಮಾಡಿದ ಒಬ್ಬ ಮನುಷ್ಯನ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ತನ್ನ ಪುಸ್ತಕ ತಾನೇ ಅಚ್ಚು ಹಾಕಿದವನು. ಸಂಘ, ಸಮಿತಿ, ಪಂಚಾಯಿತಿ ಅಂತ ಬಿಟ್ಟಿ ದುಡಿದವನು. ಎರಡಕ್ಕೂ ಬೇರೆ ಬೇರೆ ಲೆಕ್ಕ ಬರೆದಿಟ್ಟವನು. ಅವನ ಹೆಸರು ಲಿಯೊನಾರ್ಡ್ ವುಲ್ಫ್. ಹೌದು, ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಗಂಡ. ಹಾಗೆ ಹೇಳದಿದ್ದರೆ ಯಾರಿಗೂ ಗುರುತು ಸಿಗುವುದಿಲ್ಲ, ಅದೇ ಅವನ ಹಣೆಬರಹ.

ಹುಟ್ಟಿದ್ದು 1880ರಲ್ಲಿ, ಲಂಡನ್ನಿನ ಯಹೂದಿ ಮನೆಯಲ್ಲಿ, ಹತ್ತು ಮಕ್ಕಳಲ್ಲಿ ಮೂರನೆಯವನಾಗಿ. ಅಪ್ಪ ಹೆಸರಾಂತ ವಕೀಲ. ದೊಡ್ಡ ಮನೆ, ಆಳುಕಾಳು. ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ, ದುಡ್ಡು ನಿಂತುಹೋಯಿತು, ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಪಟ್ನಿ ಅನ್ನುವ ಕಡೆ ಚಿಕ್ಕ ಮನೆಗೆ ಹೋದಳು. ಹುಡುಗ ಓದಿನಲ್ಲಿ ಚುರುಕು, ವಿದ್ಯಾರ್ಥಿವೇತನದಲ್ಲಿ ಕೇಂಬ್ರಿಜ್ ಸೇರಿದ. ದೇವರ ನಂಬಿಕೆ ಮಾತ್ರ ಹದಿಹರೆಯದಲ್ಲೇ ಬಿಟ್ಟುಹೋಯಿತು. ಯಹೂದಿತನ ಬಿಡಲಿಲ್ಲ. ಅವನು ಬಿಟ್ಟರೂ ಎದುರಿಗಿದ್ದವರು ಬಿಡಬೇಕಲ್ಲ.

1904ರಲ್ಲಿ ಸಿಲೋನಿಗೆ ಸರ್ಕಾರಿ ನೌಕರನಾಗಿ ಹೊರಟ. ಜೊತೆಗೆ ಒಂದು ನಾಯಿ ಮತ್ತು ವೋಲ್ಟೇರನ ತೊಂಬತ್ತು ಸಂಪುಟ. (ನನ್ನಂಥವನು ಊರಿಗೆ ಹೋಗುವಾಗ ಒಂದು ಪುಸ್ತಕ ಬ್ಯಾಗಿಗೆ ಹಾಕಿ, ತೆರೆಯದೆ ವಾಪಸ್ ತರುತ್ತೇನೆ.) ಜಾಫ್ನಾ, ಕ್ಯಾಂಡಿ, ಕೊನೆಗೆ ಹಂಬನ್‌ತೋಟ. ಅಲ್ಲಿ ಇಡೀ ಜಿಲ್ಲೆಗೆ ಅವನೇ ದೊರೆ. ಉಪ್ಪಿನ ಲೆಕ್ಕ, ದನದ ರೋಗ, ಜಗಳದ ತೀರ್ಪು, ಎಲ್ಲ ಅವನದೇ. ಬಹಳ ಕಟ್ಟುನಿಟ್ಟು. ಜನರಿಗೆ ಅಷ್ಟೇನೂ ಇಷ್ಟವಾಗಿರಲಿಲ್ಲ.

ಜಾಫ್ನಾದಲ್ಲಿದ್ದಾಗ ಒಂದು ದೂರು ಬಂತು, ಅವನು ಕುದುರೆ ಮೇಲಿಂದ ಒಬ್ಬ ತಮಿಳು ವಕೀಲರ ಮುಖಕ್ಕೆ ಚಾವಟಿಯಲ್ಲಿ ಹೊಡೆದ ಅಂತ. ಅವನು ಹೊಡೆದಿರಲಿಲ್ಲ, ಚಾವಟಿ ಚಾಚಿ ಯಾವುದೋ ಮನೆಯ ಜಗುಲಿ ತೋರಿಸುತ್ತಿದ್ದನಂತೆ. ಅರವತ್ತು ವರ್ಷ ಕಳೆಯುತ್ತ ಬಂದ ಮೇಲೆ ಆತ್ಮಕಥೆಯಲ್ಲಿ ಅದನ್ನು ಬರೆಯುವಾಗ ಆರೋಪ ಸುಳ್ಳು ಅಂತ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಜನ ಅದನ್ನು ನಂಬುವ ಹಾಗೆ ನಾನು ಕೂತಿದ್ದೆನಲ್ಲ ಆ ಕುದುರೆ ಮೇಲೆ, ಅಲ್ಲೇ ಇತ್ತು ತಪ್ಪು ಅನ್ನುವ ಕಡೆಗೆ ಹೋಗುತ್ತಾನೆ. ನನಗೆ ಈ ಮನುಷ್ಯ ಹಿಡಿಸಿದ್ದೇ ಇಲ್ಲಿ.

1911ರಲ್ಲಿ ರಜೆ ಮೇಲೆ ಬಂದವನು ವಾಪಸ್ ಹೋಗಲಿಲ್ಲ. ಮುಂದಿನ ವರ್ಷ ಕೆಲಸ ಬಿಟ್ಟ, ವರ್ಜೀನಿಯಾಳನ್ನು ಮದುವೆಯಾದ. ತನ್ನ ಅಮ್ಮನನ್ನು ಮದುವೆಗೆ ಕರೆಯಲಿಲ್ಲ. 1913ರಲ್ಲಿ ಹಂಬನ್‌ತೋಟದ ಕಾಡಂಚಿನ ಹಳ್ಳಿಯೊಂದರ ಮೇಲೆ ಕಾದಂಬರಿ ಬರೆದ. ಬಿಳಿಯ ಪಾತ್ರಗಳು ಹೆಚ್ಚೂಕಡಿಮೆ ಇಲ್ಲವೇ ಇಲ್ಲದ, ಬೇಟೆಗಾರ ಸಿಲಿಂದು ಮತ್ತು ಅವನ ಇಬ್ಬರು ಹೆಣ್ಣುಮಕ್ಕಳ ಕಥೆ. ಶ್ರೀಲಂಕಾದಲ್ಲಿ ಅದನ್ನು ಇವತ್ತಿಗೂ ತಮ್ಮದೇ ಅಂತ ಓದುತ್ತಾರೆ. ಮರುವರ್ಷ ಇನ್ನೊಂದು ಕಾದಂಬರಿ ಬಂತು. ಲಂಡನ್ನಿನ ಹೊರವಲಯದ ಒಬ್ಬ ಸಿಡುಕು ಯಹೂದಿ ಹುಡುಗನ ಕಥೆ, ಹೆಚ್ಚೂಕಡಿಮೆ ಅವನದೇ. ಮನೆಯವರಿಗೆ ಬಹಳ ನೋವಾಯಿತು. ಪುಸ್ತಕ ಹೋಗಲಿಲ್ಲ. ಆಮೇಲೆ ಅವನು ಕಾದಂಬರಿ ಬರೆಯಲೇ ಇಲ್ಲ.

ಸಮಾಜಸೇವೆ ಶುರುವಾಗಿದ್ದೂ ಆ ಹೊತ್ತಿಗೇ. ಲಂಡನ್ನಿನ ಬಡವರ ಕೇರಿ ಹಾಕ್ಸ್‌ಟನ್ನಿನಲ್ಲಿ ಒಂದು ದಾನಧರ್ಮದ ಸಂಸ್ಥೆಗೆ ಸ್ವಯಂಸೇವಕನಾಗಿ ಸೇರಿದ. ಮನೆಮನೆಗೆ ಹೋಗಿ ಇವರು ನಿಜವಾಗಿ ಬಡವರೋ, ಸಹಾಯಕ್ಕೆ ಯೋಗ್ಯರೋ ಅಂತ ನೋಡಿ ವರದಿ ಬರೆಯುವ ಕೆಲಸ. ಬೇಗನೆ ಬಿಟ್ಟ. ಒದ್ದೆ ಗೋಡೆಯ ಕೋಣೆಯಲ್ಲಿ ಕೂತಿರುವ ಹೆಂಗಸಿಗೆ, ಒಣಗಿದ ಬಟ್ಟೆ ಹಾಕಿಕೊಂಡು ಬಂದವನು ಮಿತವ್ಯಯದ ಪಾಠ ಹೇಳುವುದು ಅವನಿಂದ ಆಗಲಿಲ್ಲ. ದಾನದಿಂದ ಇದು ಬಗೆಹರಿಯುವುದಿಲ್ಲ ಅನ್ನಿಸಿ ಸಮಾಜವಾದದ ಕಡೆ ತಿರುಗಿದ. ಮಹಿಳಾ ಸಹಕಾರ ಸಂಘದ ಒಡನಾಟ ಸಿಕ್ಕಿತು. ಅಲ್ಲಿದ್ದವರು ಗಿರಣಿ ಕಾರ್ಮಿಕರ, ಗಣಿ ಕಾರ್ಮಿಕರ ಹೆಂಡಿರು. ಅಡುಗೆ ಮುಗಿಸಿ ಬಂದು ಸಭೆಯಲ್ಲಿ ಎದ್ದು ನಿಂತು ತೆರಿಗೆ, ವಿಚ್ಛೇದನ, ಹೆರಿಗೆ ಭತ್ಯೆ ಬಗ್ಗೆ ಮಾತಾಡುವವರು. ಲಿಯೊನಾರ್ಡ್ ಅವರಿಗೆ ಪಾಠ ಮಾಡಲು ಊರೂರು ಸುತ್ತಿದ. ಆ ಗುಂಪಿನ ರಿಚ್ಮಂಡ್ ಶಾಖೆ ವರ್ಜೀನಿಯಾ ಮನೆಯಲ್ಲೇ ಸೇರುತ್ತಿತ್ತು. ತಿಂಗಳಿಗೊಬ್ಬ ಭಾಷಣಕಾರರನ್ನು ಹುಡುಕಿ ತರುವ ಪಾಡು ಅವಳದು. ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಹುಡುಕಿದವರಿಗೆ ಆ ಪಾಡು ಗೊತ್ತು.

ಈಗ ಪ್ರೆಸ್ಸಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಇಡೀ ಜೀವನಚರಿತ್ರೆಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ವರ್ಜೀನಿಯಾಳಿಗೆ 1913ರಲ್ಲಿ, ಮತ್ತೆ 1915ರಲ್ಲಿ ಮನಸ್ಸಿನ ಆರೋಗ್ಯ ತೀರಾ ಕೆಟ್ಟಿತ್ತು. ಬೆಳಗ್ಗೆ ಬರೆದ ಮೇಲೆ ಮಧ್ಯಾಹ್ನ ತಲೆಗೆ ಕೆಲಸವಿಲ್ಲದ, ಕೈಗೆ ಮಾತ್ರ ಕೆಲಸವಿರುವ ಏನಾದರೂ ಸಿಕ್ಕರೆ ಒಳ್ಳೆಯದು ಅಂತ ಲಿಯೊನಾರ್ಡ್ ಯೋಚಿಸಿದ. ಮುದ್ರಣ ಕಲಿಯೋಣ ಅಂತ ಇಬ್ಬರೂ ಹೊರಟರು. ಮುದ್ರಣ ಶಾಲೆಯಲ್ಲಿ ಸೇರಿಸಿಕೊಳ್ಳಲಿಲ್ಲ. ಅದೇನಿದ್ದರೂ ಯೂನಿಯನ್ನಿನ ಹುಡುಗರಿಗೆ, ನಡುವಯಸ್ಸಿನ ಮಧ್ಯಮ ವರ್ಗದವರಿಗಲ್ಲ. 1917ರ ಮಾರ್ಚ್ 23ರಂದು ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ನಡೆದು ಹೋಗುವಾಗ ಒಂದು ಅಂಗಡಿಯ ಗಾಜಿನೊಳಗೆ ಸಣ್ಣ ಕೈಮುದ್ರಣ ಯಂತ್ರ ಕಂಡಿತು. ಮಿಠಾಯಿ ಅಂಗಡಿ ಮುಂದೆ ಮಕ್ಕಳು ನಿಲ್ಲುವ ಹಾಗೆ ಇಬ್ಬರೂ ನಿಂತರು. ಒಳಗಿದ್ದವನು ಇದಕ್ಕೆ ಶಾಲೆ ಗೀಲೆ ಬೇಡ, ಹದಿನಾರು ಪುಟದ ಪುಸ್ತಿಕೆ ಕೊಡುತ್ತೇನೆ, ಓದಿಕೊಂಡು ಮಾಡಿ ಅಂದ. ಯಂತ್ರ, ಅಚ್ಚಿನ ಮೊಳೆ (ಒಂದೊಂದು ಅಕ್ಷರದ ಸೀಸದ ತುಂಡು), ಮಿಕ್ಕ ಸಾಮಾನು ಎಲ್ಲ ಸೇರಿ 19 ಪೌಂಡ್ 5 ಶಿಲಿಂಗ್ 5 ಪೆನ್ಸ್. ಪೆನ್ಸ್‌ವರೆಗೆ ಗೊತ್ತಿರುವುದು ಯಾಕೆಂದರೆ ಲಿಯೊನಾರ್ಡ್ ಬರೆದಿಟ್ಟಿದ್ದಾನೆ. ಅವನು ಎಲ್ಲವನ್ನೂ ಬರೆದಿಡುತ್ತಿದ್ದ.

ಒಂದು ತಿಂಗಳಾದ ಮೇಲೆ ಯಂತ್ರ ರಿಚ್ಮಂಡಿನ ಅವರ ಮನೆ ಹೊಗಾರ್ತ್ ಹೌಸ್‌ಗೆ ಬಂತು, ಪ್ರೆಸ್ಸಿಗೂ ಅದೇ ಹೆಸರಾಯಿತು. ಸಡಗರದಿಂದ ಬಿಚ್ಚಿದರು. ಕೆಲಸದವಳನ್ನೂ ಕರೆದು ಎತ್ತಿ ಇಟ್ಟರು. ನೋಡಿದರೆ ಒಂದು ಭಾಗ ಮುರಿದು ಎರಡಾಗಿದೆ! ಹೊಸ ಭಾಗ ಬರುವ ತನಕ ಮೊಳೆಗಳನ್ನು ಅಕ್ಷರದ ಪ್ರಕಾರ ಗೂಡುಗಳಿಗೆ ಹಂಚುತ್ತಾ ಕೂತರು. ವರ್ಜೀನಿಯಾ h ಅಕ್ಷರವನ್ನೂ n ಅಕ್ಷರವನ್ನೂ ಬೆರೆಸಿಬಿಟ್ಟಳು. ನಮ್ಮಲ್ಲಾದರೆ 'ವ'ಕಾರ, 'ಪ'ಕಾರ ಬೆರೆತ ಹಾಗೆ. ಮೊಳೆ ಜೋಡಿಸುವ ಕಾಲ ಕಂಡವರಿಗೆ ಇದರ ಸಂಕಟ ಗೊತ್ತಿರುತ್ತದೆ.

ಲಿಯೊನಾರ್ಡ್ ಕೈ ನಡುಗುತ್ತಿತ್ತು. ಹುಟ್ಟಿನಿಂದ ಬಂದ ನಡುಕ. ಟೀ ಕಪ್ಪು ಎತ್ತಿದರೆ ತುಳುಕುವಷ್ಟು. ಯುದ್ಧಕ್ಕೆ ಸೈನಿಕನಾಗಿ ಹೋಗುವುದು ತಪ್ಪಿದ್ದೂ ಅದರಿಂದಲೇ. ಆ ಕೈಯಲ್ಲಿ ಮೊಳೆ ಜೋಡಿಸಲು ಆಗುವುದಿಲ್ಲ. ಹಾಗಾಗಿ ಹೆಂಡತಿ ಮೊಳೆ ಜೋಡಿಸುವುದು, ಗಂಡ ಯಂತ್ರ ಎಳೆಯುವುದು. ಊಟದ ಕೋಣೆಯಲ್ಲೇ ಎಲ್ಲ. ಒಂದು ಪುಟ ಜೋಡಿಸಿ, ಶಾಯಿ ಹಚ್ಚಿ, ಎಳೆದರು. ಅಚ್ಚು ಸರಿಯಾಗಿ ಮೂಡಲಿಲ್ಲ. ಅಲ್ಲಲ್ಲಿ ಅಕ್ಷರ ಮಾಯ. ಮತ್ತೆ ಎಳೆದರು, ಅದೇ ಕಥೆ. ಪುಸ್ತಿಕೆಯಲ್ಲಿ ಇದಕ್ಕೆ ಉತ್ತರ ಇಲ್ಲ. ಕೊನೆಗೆ ಲಿಯೊನಾರ್ಡ್ ಆ ಮೊಳೆಗಟ್ಟನ್ನು ಚೌಕಟ್ಟಿನ ಸಮೇತ ಹೊತ್ತುಕೊಂಡು ಊರಲ್ಲಿದ್ದ ಮೆಕ್‌ಡರ್ಮಟ್ ಅನ್ನುವ ಮುದ್ರಕನ ಹತ್ತಿರ ಹೋದ. ಅವನು ನೋಡಿದ ಕೂಡಲೇ ಹೇಳಿದ, ಮೊಳೆ ಕಾಲ ಮೇಲೆ ನಿಂತಿಲ್ಲ ಅಂತ. ಅಂದರೆ ಎಲ್ಲ ಮೊಳೆ ನೆಟ್ಟಗೆ ನಿಲ್ಲಬೇಕು, ಒಂದು ಕೂದಲೆಳೆಯಷ್ಟು ವಾಲಿದರೂ ಅದರ ತಲೆ ಕಾಗದಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಬಿಗಿಯುವಾಗ ನೋಡಿಕೊಂಡು ಬಿಗಿಯಬೇಕು. ಅಷ್ಟೇ ವಿಷಯ. ಕೇಂಬ್ರಿಜ್‌ನಲ್ಲಿ ಗ್ರೀಕ್ ಓದಿದವನಿಗೆ ರಿಚ್ಮಂಡಿನ ಬೀದಿಯ ಮುದ್ರಕ ಎರಡು ನಿಮಿಷದಲ್ಲಿ ಹೇಳಿಕೊಟ್ಟಿದ್ದು. ಆಮೇಲೆ ಅವರಿಬ್ಬರೂ ಸ್ನೇಹಿತರಾದರು.

(ನನ್ನ ಪುಸ್ತಕದಲ್ಲಿ 65ನೇ ಪುಟದಿಂದ 80ರವರೆಗೆ ಒಂದು ಫಾರಂ ಎರಡು ಸಲ ಬಂದು, ಮುಂದಿನ ಫಾರಂ ಬಂದೇ ಇಲ್ಲದ ಪ್ರತಿಗಳು ಹತ್ತಾರಿವೆ. ಮಾಡಿದವರ ಹೆಸರು ಬೇಡ. ಅದನ್ನು ಕಂಡುಹಿಡಿದು ಹೇಳಿದ್ದು ಒಬ್ಬರೇ ಓದುಗರು. ಉಳಿದವರು ಅಲ್ಲಿಯವರೆಗೆ ಓದಿರಲಿಲ್ಲ ಅಂತಲೇ ಲೆಕ್ಕ.)

ಜುಲೈ 1917ಕ್ಕೆ ಮೊದಲ ಪುಸ್ತಕ ಸಿದ್ಧ. 'ಎರಡು ಕಥೆಗಳು' ಅಂತ ಹೆಸರು. 32 ಪುಟ, 150 ಪ್ರತಿ, ಬೆಲೆ ಒಂದೂವರೆ ಶಿಲಿಂಗ್. ಒಂದು ಕಥೆ ವರ್ಜೀನಿಯಾಳದು, ಗೋಡೆ ಮೇಲಿನ ಕಲೆಯ ಬಗ್ಗೆ. ಅದನ್ನು ಇವತ್ತಿಗೂ ಇಂಗ್ಲಿಷ್ ಎಂಎ ಮಕ್ಕಳು ಓದುತ್ತಾರೆ. ಇನ್ನೊಂದು ಲಿಯೊನಾರ್ಡನದು, 'ಮೂವರು ಯಹೂದಿಗಳು'. ಅದನ್ನು ಯಾರೂ ಓದುವುದಿಲ್ಲ. ಹೊಲಿಗೆಯೂ ಅವರದೇ, ರಟ್ಟಿನ ಕಾಗದ ಅಂಟಿಸಿದ್ದೂ ಅವರೇ. ಒಟ್ಟು ಖರ್ಚು 3 ಪೌಂಡ್ 7 ಶಿಲಿಂಗ್. ಅದರಲ್ಲಿ ಕಟ್ಟಿಗೆ ಅಚ್ಚಿನ ಚಿತ್ರ ಮಾಡಿಕೊಟ್ಟ ಕ್ಯಾರಿಂಗ್ಟನ್‌ಗೆ 15 ಶಿಲಿಂಗ್. 134 ಪ್ರತಿ ಹೋದವು. ಬಂದದ್ದು 10 ಪೌಂಡ್ 8 ಶಿಲಿಂಗ್. ನಿವ್ವಳ ಲಾಭ 7 ಪೌಂಡ್ 1 ಶಿಲಿಂಗ್. ಲೇಖಕರಿಬ್ಬರಿಗೂ ಗೌರವಧನ ಕೊಟ್ಟಿಲ್ಲ ಅಂತಲೂ ಬರೆದಿದ್ದಾನೆ. ಲೇಖಕರು ಅಂದರೆ ಅವನೇ, ಅವಳೇ.

ನಾನು 'ಮೂವರು ಯಹೂದಿಗಳು' ಹುಡುಕಿ ಓದಿದೆ. ಒಬ್ಬ ಮನುಷ್ಯ ವಸಂತದ ಒಂದು ಭಾನುವಾರ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಗುತ್ತಾನೆ. ಟೀ ಕುಡಿಯುವ ಟೇಬಲ್ಲಿಗೆ ಇನ್ನೊಬ್ಬ ಬಂದು ಕೂರುತ್ತಾನೆ. ಇಬ್ಬರಿಗೂ ಗೊತ್ತಾಗುತ್ತದೆ, ಎದುರಿಗಿರುವವನು ಯಹೂದಿ ಅಂತ. ಈ ಹೂ ಬಿಟ್ಟ ಮರದ ಕೆಳಗೆ, ಈ ಆಕಾಶದ ಕೆಳಗೆ ನಾವು ಎದ್ದು ಕಾಣುತ್ತೇವೆ ಅಲ್ವಾ, ಇದು ನಮ್ಮದಲ್ಲ ಅಂತ ಬಂದವನು ಹೇಳುತ್ತಾನೆ. ಆಮೇಲೆ ಅವನು ಮೂರನೆಯ ಯಹೂದಿಯ ಕಥೆ ಹೇಳುತ್ತಾನೆ. ಅವನೊಬ್ಬ ಸ್ಮಶಾನದ ಕಾವಲುಗಾರ. ಹೆಂಡತಿ ಸತ್ತಿದ್ದಾಳೆ. ಮಗ ಮನೆಕೆಲಸದ ಹುಡುಗಿಯನ್ನು ಮದುವೆಯಾದ ಅಂತ ಅವನನ್ನು ಮನೆಯಿಂದಲೇ ಹೊರಹಾಕಿದ್ದಾನೆ. ಹುಡುಗಿ ಕ್ರೈಸ್ತಳು. ಅದಕ್ಕೇ ಕೋಪ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಕ್ರೈಸ್ತಳನ್ನು ಸೊಸೆ ಅಂತ ಒಪ್ಪಿಕೊಂಡೇನು, ಕಾಲ ಬದಲಾಗಿದೆ. ನನ್ನ ಮನೆ ಪಾತ್ರೆ ತೊಳೆದವಳನ್ನು ಹೇಗೆ ಒಪ್ಪಲಿ ಅಂತ ಅವನ ವಾದ. ದೇವರು ಹೋದ, ಧರ್ಮ ಹೋಯಿತು, ಅಂತಸ್ತು ಮಾತ್ರ ಉಳಿದುಕೊಂಡಿತು. ನಾನು ಓದಿ ಸುಮ್ನೆ ಕೂತೆ. ನಮ್ಮ ಬೀದಿಯಲ್ಲೇ ಇಂಥ ಮನೆ ಎರಡಿವೆ.

ಕಥೆ ಬಹಳ ದೊಡ್ಡದೇನಲ್ಲ. ಆದರೆ ಯೋಚಿಸಿ, ಆ ಪುಟಗಳ ಮೊಳೆ ಜೋಡಿಸಿದವಳು ವರ್ಜೀನಿಯಾ. ಯಹೂದಿಯನ್ನು ಮದುವೆಯಾಗುವುದು ಎಷ್ಟು ಅಸಹ್ಯ ಅನ್ನಿಸಿತ್ತು, ಅವರ ಮೂಗಿನ ದನಿ ಎಷ್ಟು ಹಿಡಿಸುತ್ತಿರಲಿಲ್ಲ ಅಂತ ಮುಂದೆ 1930ರಲ್ಲಿ ಗೆಳತಿಗೆ ಬರೆದವಳು. ತಾನು ಎಂಥ ಅಂತಸ್ತಿನ ಸೊಕ್ಕಿನವಳಾಗಿದ್ದೆ ಅಂತ ತನ್ನನ್ನೇ ಬೈದುಕೊಂಡು ಬರೆದದ್ದು ನಿಜ. ಆದರೂ ಬರೆದದ್ದು ಬರೆದದ್ದೇ. ಅವಳ ದಿನಚರಿಯಲ್ಲಿ ಅತ್ತೆಯ ಬಗ್ಗೆ ಇರುವ ಮಾತುಗಳನ್ನು ಓದಲು ಹಿಂಸೆಯಾಗುತ್ತದೆ. ಅಂಥವಳು, ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ ಹಿಡಿದು, ಒಂದೊಂದೇ ಅಕ್ಷರವನ್ನು ತಲೆಕೆಳಗಾಗಿ ಜೋಡಿಸುತ್ತಾ, ಇದು ನಮ್ಮ ಆಕಾಶ ಅಲ್ಲ ಅನ್ನುವ ವಾಕ್ಯವನ್ನು ಕಟ್ಟಿದ್ದಾಳೆ. ಆಗ ಅವಳಿಗೆ ಏನನ್ನಿಸಿತು? ಯಾರೂ ಬರೆದಿಟ್ಟಿಲ್ಲ. ಲಿಯೊನಾರ್ಡ್ ಕೂಡ ಖರ್ಚು ಮಾತ್ರ ಬರೆದಿದ್ದಾನೆ.

ಅಲ್ಲಿಂದ ಪ್ರೆಸ್ ಬೆಳೆದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. 1918ರಲ್ಲಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಪುಸ್ತಕ. ಅದರ ಪುಟಗಳನ್ನು ಲಿಯೊನಾರ್ಡ್ ಮೆಕ್‌ಡರ್ಮಟ್‌ನ ದೊಡ್ಡ ಯಂತ್ರದಲ್ಲಿ ತಾನೇ ನಿಂತು ಅಚ್ಚು ಮಾಡಿದ. ಅದೇ ವರ್ಷ ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕೈಬರಹ ಮನೆಗೆ ಬಂದಿತ್ತು, ಇವರ ಪುಟ್ಟ ಯಂತ್ರಕ್ಕೆ ಅದು ಆನೆ, ಹೊರಗಿನ ಮುದ್ರಕರು ಮುಟ್ಟಲು ಹೆದರಿದರು, ವಾಪಸ್ ಕಳಿಸಿದರು. 1919ರಲ್ಲಿ ಎಲಿಯಟ್ ಕವಿತೆಗಳು, ಜೊತೆಗೆ ವರ್ಜೀನಿಯಾಳ 'ಕ್ಯೂ ಗಾರ್ಡನ್ಸ್'. ಅದಕ್ಕೆ ಪತ್ರಿಕೆಯಲ್ಲಿ ಒಳ್ಳೆಯ ವಿಮರ್ಶೆ ಬಂದು, ಊರಿಂದ ಮನೆಗೆ ವಾಪಸ್ ಬಂದು ನೋಡಿದರೆ ನಡುಮನೆ ತುಂಬಾ ಪುಸ್ತಕ ಕೇಳಿದ ಕಾಗದಗಳು. ಆಮೇಲೆ ಮನೋವಿಶ್ಲೇಷಣೆಯ ಫ್ರಾಯ್ಡ್ ಪುಸ್ತಕಗಳು. 1922ರಿಂದ ವರ್ಜೀನಿಯಾಳ ಕಾದಂಬರಿಗಳೆಲ್ಲ ಸ್ವಂತ ಪ್ರೆಸ್ಸಿನಲ್ಲೇ. ಸಂಪಾದಕರ ಹಂಗಿಲ್ಲದೆ ಮನಸ್ಸಿಗೆ ಬಂದದ್ದು ಬರೆಯಬಲ್ಲ ಹೆಂಗಸು ಇಂಗ್ಲೆಂಡಿನಲ್ಲಿ ತಾನೊಬ್ಬಳೇ ಅಂತ ಅವಳು ದಿನಚರಿಯಲ್ಲಿ ಬರೆದುಕೊಂಡಳು. ಸ್ವಂತ ಖರ್ಚಿನ ಲೇಖಕಿ!

ಅಲ್ಲಿ ನಮ್ಮವರೂ ಇದ್ದರು. ಮುಲ್ಕ್ ರಾಜ್ ಆನಂದ್ ಕೆಲಕಾಲ ಹೊಗಾರ್ತ್ ಪ್ರೆಸ್ಸಿನಲ್ಲಿ ಕರಡು ತಿದ್ದಿದ್ದರು. ಅಹ್ಮದ್ ಅಲಿಯವರ ದೆಹಲಿ ಕಾದಂಬರಿ 1940ರಲ್ಲಿ ಬಂದದ್ದು ಅಲ್ಲಿಂದಲೇ. 1857ರ ದಂಗೆಯಲ್ಲಿ ಬ್ರಿಟಿಷರು ಮಾಡಿದ ಕ್ರೌರ್ಯವನ್ನು ಬರೆದ ಎಡ್ವರ್ಡ್ ಥಾಂಪ್ಸನ್ ಪುಸ್ತಕವನ್ನು 1925ರಲ್ಲೇ ಹಾಕಿದ್ದರು. ಆದರೆ ಲಿಯೊನಾರ್ಡ್ ಮುಲಾಜಿನ ಮನುಷ್ಯನಲ್ಲ. 1942ರಲ್ಲಿ ಆನಂದ್ ಭಾರತದ ಬಗ್ಗೆ ಬರೆದ ಪುಸ್ತಕಕ್ಕೆ ಮುನ್ನುಡಿ ಬರೆದುಕೊಡಿ ಅಂದರೆ, ಬರೆದುಕೊಟ್ಟ. ಅದರಲ್ಲಿ ಪುಸ್ತಕದ ವಾದವನ್ನೇ ಟೀಕಿಸಿದ್ದ. ಅದು ಹಾಗೇ ಅಚ್ಚಾಯಿತು. ನಮ್ಮ ಕಡೆ ಮುನ್ನುಡಿ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ.

ಜೊತೆಗೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಚಿಲ್ಲರೆ ಲೆಕ್ಕದಲ್ಲಿ ಎರಡು ಪೆನ್ಸ್ ತಪ್ಪಿದರೂ ಕೂಗಾಟ. ಸಹಾಯಕ್ಕೆ ಬಂದ ಹುಡುಗರು ಒಬ್ಬೊಬ್ಬರೇ ಬಿಟ್ಟುಹೋದರು. ಕಾರು ಎಷ್ಟು ಮೈಲಿ ಓಡಿತು ಅನ್ನುವುದಕ್ಕೂ ಪುಸ್ತಕ ಇಟ್ಟಿದ್ದ. ನಮ್ಮ ಸಂಘದ ಖಜಾಂಚಿ ಇಂಥವರೇ. ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರಿಲ್ಲದಿದ್ದರೆ ಸಂಘ ಇಷ್ಟೊತ್ತಿಗೆ ಮುಚ್ಚಿರುತ್ತಿತ್ತು.

ಇನ್ನು ಎರಡನೇ ಲೆಕ್ಕ. ಗಂಟೆಗಳದ್ದು.

1919ರಲ್ಲಿ ಸಸೆಕ್ಸಿನ ರಾಡ್‌ಮೆಲ್ ಹಳ್ಳಿಯಲ್ಲಿ ಮಂಕ್ಸ್ ಹೌಸ್ ಅನ್ನುವ ಮನೆಯನ್ನು ಹರಾಜಿನಲ್ಲಿ 700 ಪೌಂಡಿಗೆ ಕೊಂಡರು. ಲಂಡನ್ನಿನಲ್ಲಿ ಲೇಬರ್ ಪಕ್ಷದ ವಿದೇಶ ಮತ್ತು ವಸಾಹತು ಸಲಹಾ ಸಮಿತಿಗಳಿಗೆ ಅವನು ಕಾರ್ಯದರ್ಶಿ, ಇಪ್ಪತ್ತು ವರ್ಷಕ್ಕೂ ಹೆಚ್ಚು. ಸಂಬಳವಿಲ್ಲ. ಸರ್ಕಾರಿ ನೌಕರರ ಸಂಬಳದ ತಕರಾರು ನೋಡುವ ನ್ಯಾಯಮಂಡಳಿಯಲ್ಲಿ ಹದಿನೇಳು ವರ್ಷ. ಹಳ್ಳಿಗೆ ಬಂದರೆ ಅಲ್ಲಿನ ಪಂಚಾಯಿತಿಗೆ ಗುಮಾಸ್ತ, ಊರ ಶಾಲೆಯ ಆಡಳಿತ ಮಂಡಳಿಯ ಸದಸ್ಯ, ತೋಟಗಾರಿಕೆ ಸಂಘದ ಮುಂದಾಳು. ಹಳ್ಳಿಯ ಲೇಬರ್ ಪಕ್ಷದ ಸಭೆ ಇವನ ಮನೆಯಲ್ಲೇ. ಬೆಳಗ್ಗೆ ಲೀಗ್ ಆಫ್ ನೇಷನ್ಸ್ (ಮೊದಲ ಮಹಾಯುದ್ಧದ ನಂತರ ಕಟ್ಟಿದ ರಾಷ್ಟ್ರಗಳ ಕೂಟ) ಬಗ್ಗೆ ಟಿಪ್ಪಣಿ, ಸಂಜೆ ಯಾರ ತರಕಾರಿಗೆ ಬಹುಮಾನ ಅನ್ನುವ ಜಗಳ. ಅವನು ಎರಡಕ್ಕೂ ಒಂದೇ ಮುಖ ಹೊತ್ತು ಕೂರುತ್ತಿದ್ದ ಅಂತ ನನಗನ್ನಿಸುತ್ತದೆ.

ಇದೆಲ್ಲ ಫಲ ಕೊಟ್ಟಿತಾ? 1916ರಲ್ಲಿ ಅವನು ಸಮಾಜವಾದಿಗಳ ಫೇಬಿಯನ್ ಸೊಸೈಟಿಗೆ ಬರೆದ ಅಂತರರಾಷ್ಟ್ರೀಯ ಆಡಳಿತದ ವರದಿ ಲೀಗ್ ಆಫ್ ನೇಷನ್ಸ್ ಕಟ್ಟುವಾಗ ಬ್ರಿಟಿಷ್ ಸರ್ಕಾರಕ್ಕೆ ಉಪಯೋಗಕ್ಕೆ ಬಂತು. ಆ ಲೀಗ್ ಎರಡನೇ ಮಹಾಯುದ್ಧ ತಡೆಯಲಾಗದೆ ಮುಗಿದುಹೋಯಿತು. 1938ರಲ್ಲಿ ಸಿಲೋನಿನ ಬಗ್ಗೆ ಪಕ್ಷಕ್ಕೆ ಒಂದು ಟಿಪ್ಪಣಿ ಬರೆದ. ಅಲ್ಪಸಂಖ್ಯಾತ ತಮಿಳರಿಗೆ ರಕ್ಷಣೆ ಬೇಕು, ಸ್ವಿಟ್ಜರ್ಲೆಂಡ್ ಮಾದರಿಯ ಒಕ್ಕೂಟ ವ್ಯವಸ್ಥೆ ಯೋಚಿಸಿ ಅಂತ. ಜಾಫ್ನಾದಲ್ಲೂ ಇದ್ದವನು, ಹಂಬನ್‌ತೋಟದಲ್ಲೂ ಇದ್ದವನು, ಎರಡೂ ಭಾಷೆ ಕಲಿತವನು, ತಿಳಿದೇ ಬರೆದಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1956ರಲ್ಲಿ ಸಿಂಹಳ ಮಾತ್ರ ಅನ್ನುವ ಕಾಯ್ದೆ ಬಂತು, 1983ರಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು, ಮುಂದಿನದನ್ನು ನಾವೇ ಪೇಪರಿನಲ್ಲಿ ಓದಿದೆವು.

ಅವನ ಸ್ವಂತ ದೊಡ್ಡ ಗ್ರಂಥದ ಕಥೆಯೂ ಅಷ್ಟೇ. ಜನಸಾಮಾನ್ಯರ ಮನಸ್ಸಿನಲ್ಲಿ ರಾಜಕೀಯ ನಂಬಿಕೆಗಳು ಹೇಗೆ ಹುಟ್ಟುತ್ತವೆ ಅಂತ ವರ್ಷಗಟ್ಟಲೆ ಬರೆದ. ಮೊದಲ ಸಂಪುಟ 1931ರಲ್ಲಿ. ಎರಡನೆಯದು ಬಂದದ್ದು 1939ರಲ್ಲಿ, ಯುದ್ಧ ಶುರುವಾಗುವ ಹೊತ್ತಿಗೆ ಸರಿಯಾಗಿ. ಆಗ ಯಾರಿಗೆ ಬೇಕು? ಮೂರನೆಯದು 1953ರಲ್ಲಿ, ವಿಮರ್ಶಕರು ನಕ್ಕರು. ಎಲ್ಲ ಅವನದೇ ಪ್ರೆಸ್ಸಿನಿಂದ. ಸ್ವಂತ ಪ್ರೆಸ್ ಇದ್ದರೆ ಪುಸ್ತಕ ಬರುತ್ತದೆ, ಓದುಗ ಬರುವುದಿಲ್ಲ.

ಹಿಟ್ಲರನ ಕಾಲದಲ್ಲಿ ಅವನು ಯಹೂದಿಯಾಗಿ ಹೇಗಿದ್ದ ಅಂತ ಕೇಳಿದರೆ ಎಲ್ಲರೂ ಐರಿಸ್ ಗಿಡದ ಕಥೆ ಹೇಳುತ್ತಾರೆ. ರೇಡಿಯೋದಲ್ಲಿ ಹಿಟ್ಲರ್ ಭಾಷಣ ಬರುತ್ತಿದೆ, ಬಾ ಅಂತ ವರ್ಜೀನಿಯಾ ಕಿಟಕಿಯಿಂದ ಕರೆದಾಗ, ಬರಲ್ಲ, ನಾನು ಐರಿಸ್ ನೆಡುತ್ತಿದ್ದೇನೆ, ಅವನು ಸತ್ತು ಎಷ್ಟೋ ವರ್ಷವಾದ ಮೇಲೂ ಇವು ಹೂ ಬಿಡುತ್ತವೆ ಅಂದನಂತೆ. ಚೆನ್ನಾಗಿದೆ. ನನಗೆ ಇನ್ನೊಂದು ಕಥೆ ಇಷ್ಟ. 1935ರ ಮೇ ತಿಂಗಳಲ್ಲಿ ಗಂಡ ಹೆಂಡತಿ ಕಾರಿನಲ್ಲಿ ಜರ್ಮನಿ ದಾಟಿ ಇಟಲಿಗೆ ಹೋದರು. ಯಹೂದಿಗಳು ಜರ್ಮನಿಗೆ ಹೋಗದಿರುವುದು ಕ್ಷೇಮ ಅಂತ ಬ್ರಿಟಿಷ್ ಸರ್ಕಾರವೇ ಹೇಳುತ್ತಿದ್ದ ಕಾಲ. ಲಿಯೊನಾರ್ಡ್ ಹೆಗಲ ಮೇಲೆ ಅವನು ಸಾಕಿದ್ದ ಮಿಟ್ಜ್ ಅನ್ನುವ ಅಂಗೈಯಗಲದ ಕೋತಿಮರಿ. ಬಾನ್ ಹತ್ತಿರ ರಸ್ತೆ ಎರಡೂ ಕಡೆ ನಾಜಿಗಳು, ಶಾಲಾಮಕ್ಕಳು ಬಾವುಟ ಹಿಡಿದು ಯಾವನೋ ದೊಡ್ಡ ಮಂತ್ರಿಗೆ ಕಾಯುತ್ತಿದ್ದಾರೆ. ಯಹೂದಿಗಳ ವಿರುದ್ಧ ಬರೆದ ಫಲಕಗಳೂ ಇವೆ. ತೆರೆದ ಕಾರು ನಿಧಾನ ಸಾಗುತ್ತದೆ. ಜನ ಕೋತಿಯನ್ನು ನೋಡಿ ಕುಣಿದಾಡಿ ಕೈ ಬೀಸುತ್ತಾರೆ. ಕೋತಿ ಹೊತ್ತವನು ಯಾರು ಅಂತ ಯಾರೂ ಕೇಳಲಿಲ್ಲ. ಲಂಡನ್ನಿನ ಜರ್ಮನ್ ರಾಯಭಾರ ಕಚೇರಿಯಿಂದ ತಂದಿದ್ದ ಶಿಫಾರಸು ಪತ್ರ ಜೇಬಿನಲ್ಲೇ ಉಳಿಯಿತು. ನಗು ಬರುತ್ತದೆ. ಐದು ವರ್ಷವಾದ ಮೇಲೆ, ಇಂಗ್ಲೆಂಡಿಗೆ ಜರ್ಮನರು ನುಗ್ಗಿದರೆ ಹಿಡಿಯಬೇಕಾದವರ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು. ಪಟ್ಟಿಯ ವಿಷಯ ಅವರಿಗೆ ಗೊತ್ತಿರಲಿಲ್ಲ, ಆದರೂ ಗ್ಯಾರೇಜಿನಲ್ಲಿ ಕಾರಿನ ಹೊಗೆಯಲ್ಲಿ ಸಾಯಲು ಪೆಟ್ರೋಲ್ ಎತ್ತಿಟ್ಟಿದ್ದರು. 1941ರ ಮಾರ್ಚ್ 28ರಂದು ವರ್ಜೀನಿಯಾ ಊರ ಪಕ್ಕದ ಔಸ್ ನದಿಗೆ ಹೋದಳು, ವಾಪಸ್ ಬರಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಬರೆದವರು ಬೇಕಾದಷ್ಟು ಜನ ಇದ್ದಾರೆ.

ಅವನು ಇನ್ನೂ 28 ವರ್ಷ ಬದುಕಿದ. ಎಂಬತ್ತರ ಹೊಸ್ತಿಲಲ್ಲಿ ಆತ್ಮಕಥೆ ಬರೆಯಲು ಕೂತ. 1960ರಿಂದ 1969ರವರೆಗೆ ಐದು ಸಂಪುಟ, ಎಲ್ಲವೂ ಹೊಗಾರ್ತ್ ಪ್ರೆಸ್ಸಿನಿಂದಲೇ. ಅದಕ್ಕೆ ಬಹುಮಾನವೂ ಬಂತು, ಓದುಗರೂ ಬಂದರು. ಕೊನೆಯ ಸಂಪುಟದಲ್ಲಿ ಗಂಟೆಗಳ ಲೆಕ್ಕ ಹಾಕುತ್ತಾನೆ. ಐವತ್ತೇಳು ವರ್ಷದ ರಾಜಕೀಯ, ಸಮಿತಿ, ಟಿಪ್ಪಣಿ, ಪುಸ್ತಕ ಎಲ್ಲ ಕೂಡಿಸಿ, ಒಂದೂವರೆ ಲಕ್ಷದಿಂದ ಎರಡು ಲಕ್ಷ ಗಂಟೆ ಪೂರ್ತಿ ಉಪಯೋಗವಿಲ್ಲದ ಕೆಲಸ ಮಾಡಿದ್ದೇನೆ ಅನ್ನುತ್ತಾನೆ. ಸಮಿತಿಗಳಲ್ಲಿ ಕೂರುವ ಬದಲು ಪಿಂಗ್‌ಪಾಂಗ್ ಆಡಿದ್ದರೂ ಜಗತ್ತು ಈಗ ಹೇಗಿದೆಯೋ ಹಾಗೇ ಇರುತ್ತಿತ್ತಂತೆ.

ನಾನು ಕ್ಯಾಲ್ಕುಲೇಟರ್ ತೆಗೆದೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಅಂದರೆ ಎರಡು ಲಕ್ಷ ಗಂಟೆಗೆ 83 ವರ್ಷ ಬೇಕು. ಐವತ್ತೇಳು ವರ್ಷದಲ್ಲಿ ಮುಗಿಯಬೇಕಾದರೆ ಒಂದು ದಿನವೂ ರಜೆಯಿಲ್ಲದೆ ದಿನಕ್ಕೆ ಒಂಬತ್ತೂವರೆ ಗಂಟೆಗೂ ಮೀರಿ ದುಡಿಯಬೇಕು. ಪೆನ್ಸ್ ಬಿಡದ ಮನುಷ್ಯ ಇಲ್ಲಿ ಮಾತ್ರ ಧಾರಾಳವಾಗಿ ಕೂಡಿಸಿದ್ದಾನೆ ಅಂತ ನನ್ನ ಅನುಮಾನ. ಅವನ ಮೊದಲ ಲೆಕ್ಕದಲ್ಲಿ ಇಬ್ಬರ ಕೂಲಿ ಸೇರಿಲ್ಲ, ಹಾಗಾಗಿ 7 ಪೌಂಡ್ ಲಾಭ. ಎರಡನೇ ಲೆಕ್ಕದಲ್ಲಿ ಕೂಲಿ ಮಾತ್ರ ಇದೆ, ಬಂದದ್ದೇನೂ ಸೇರಿಲ್ಲ. ನಮ್ಮ ಖಜಾಂಚಿ ಎರಡನ್ನೂ ಪಾಸು ಮಾಡುವುದಿಲ್ಲ.

ಇಷ್ಟಾದ ಮೇಲೂ ಅದನ್ನು ಮಾಡಿದ್ದು ಸರಿ ಅಂತಲೇ ಅವನು ಹೇಳುತ್ತಾನೆ. ಫಲ ಸೊನ್ನೆಯಾದರೂ ನನ್ನ ಮಟ್ಟಿಗೆ ಅದು ಮಾಡಲೇಬೇಕಾದ ಕೆಲಸವಾಗಿತ್ತು ಅಂತ. ಈ ಮಾತು ಕೇಳಿದ ಕೂಡಲೇ ನಮ್ಮವರು ಗೀತೆಯ ಶ್ಲೋಕ ತೆಗೆಯುತ್ತಾರೆ, ನನಗೆ ಗೊತ್ತು. ದಯವಿಟ್ಟು ಬೇಡ. ಅವನು ಫಲ ಬೇಡ ಅಂದವನಲ್ಲ. ಫಲ ಬೇಕಿತ್ತು, ಬರಲಿಲ್ಲ, ಸಿಟ್ಟಿತ್ತು, ಆ ಸಿಟ್ಟಿನಲ್ಲೇ ಕೂತು ಗಂಟೆ ಎಣಿಸಿದ. ಎಣಿಸಿಯೂ ರಾಡ್‌ಮೆಲ್‌ನ ಸಭೆಗಳಿಗೆ ಹೋದ.

ಮಾರ್ಚ್‌ನಲ್ಲಿ ನಮ್ಮ ಸಂಘದ ಚುನಾವಣೆ ಇದೆ. ಈ ಸಲ ನಿಲ್ಲುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಹೋದ ವರ್ಷವೂ ಹೇಳಿದ್ದೆ. ಹೆಂಡತಿ ಏನೂ ಮಾತಾಡಲಿಲ್ಲ, ಮಂಚದ ಕೆಳಗಿನ ಪೆಟ್ಟಿಗೆ ಸ್ವಲ್ಪ ಆಚೆ ಎಳೆದು ಕಸ ಗುಡಿಸಿ ಮತ್ತೆ ಒಳಗೆ ತಳ್ಳಿದಳು. ಭಾನುವಾರ ಹತ್ತೂವರೆಗೆ ಸಭೆ. ಮೊದಲ ವಿಷಯ ಮೋಟಾರ್ ರಿಪೇರಿ ಬಿಲ್ಲು, ಎರಡನೆಯದು ಪಾರ್ಕಿನ ಮೂಲೆಯಲ್ಲಿ ಕಸ ಸುಡುತ್ತಿರುವವರು ಯಾರು. ಹೋದ ಸಭೆಯ ನಡಾವಳಿಯನ್ನು ಅಷ್ಟರೊಳಗೆ ಬರೆದು ಮುಗಿಸಬೇಕು. ಬರೆಯುತ್ತಿರುವುದು ನನ್ನ ಪುಸ್ತಕದ ಎರಡನೇ ಕರಡಿನ ಹಾಳೆಗಳ ಹಿಂಬದಿಯಲ್ಲಿ. ಇನ್ನೂ ಒಂದು ಕಟ್ಟು ಉಳಿದಿದೆ.